ಆಫ್ ಆಗದ ಕಂಪ್ಯೂಟರ್

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಷಡ್ಡಕನಿಗೆ ಕಂಪ್ಯೂಟರಿನ ಸಕಲ ವಿದ್ಯೆಯೂ ಗೊತ್ತು. ಅದನ್ನು ಆಫ್ ಮಾಡುವುದೊಂದು ಗೊತ್ತಿಲ್ಲ! ಹಬ್ಬಕ್ಕೆ ಹೊಸಪೇಟೆಯ ನಮ್ಮ ಮನೆಗೆ ಬಂದಾಗ ಕರೆಂಟ್ ಹೋದರೆ ಸಾಕು, ಅರ್ಧ ಹೋಳಿಗೆ ಬಿಟ್ಟು ಏಳುತ್ತಾನೆ. "ಕಂಪ್ಯೂಟರ್ ಹಚ್ಚಿಟ್ಟು ಬಂದೀನಲೇ, ಕಂಪ್ಲಿಯಾಗೂ ಹೋಗಿರಬೇಕು!" ಒಲೆಯ ಮೇಲೆ ಹಾಲಿಟ್ಟು ಬಂದವರ ಗಾಬರಿ ಅದು.

"ಅವ್ರಿಗೆ ಎಷ್ಟ್ ಕಾಳಜಿ ನೋಡ್ರಿ," ಎಂದು ನನ್ನ ಹೆಂಡತಿ ಮೆಚ್ಚುತ್ತಾಳೆ. ನಾನು ಫ್ಯಾನ್ ಆಫ್ ಮಾಡದಿದ್ದರೆ ಮಾತ್ರ ಬೇಜವಾಬ್ದಾರಿ! ಹೊಟ್ಟೆಕಿಚ್ಚು ಪಡದೆ ಇನ್ನೇನು ಮಾಡಲಿ?

ಆ ಕಂಪ್ಯೂಟರನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ; ಅದರೊಳಗೆ ವಿಡಿಯೋ ನೋಡುವ ಒಂದು ಆ್ಯಪ್. ಜಾಹೀರಾತಿಲ್ಲ, ಮಾಲೀಕನಿಲ್ಲ. ವಿಡಿಯೋಗಳು ನೋಡುವವರ ಕಂಪ್ಯೂಟರುಗಳಲ್ಲೇ ಇದ್ದು, ಒಬ್ಬರಿಂದ ಒಬ್ಬರಿಗೆ ಹೋಗುತ್ತವಂತೆ. ಇಟ್ಟುಕೊಂಡವರೆಲ್ಲ ಆಫ್ ಮಾಡಿದರೆ ಯಾರಿಗೂ ಇಲ್ಲ!

"ನೋಡಿದ ಮ್ಯಾಲ ಮುಚ್ಚಿಡಾಕ ಏನಾಗೇತಿ ಲೇ?" ಎಂದೆ.

"ಮಂದಿ ಮನಿ ಡಬ್ಬಿ ಖಾಲಿ ತಿರುಗಿ ಕೊಡ್ತಾರೇನ್ ಲೇ?" ಎಂದ.

ಡಬ್ಬಿಯ ವಿಷಯ ಎತ್ತಬಾರದಿತ್ತು! ನನ್ನವ್ವ ಶೇಂಗಾ ಚಟ್ನಿ ಕುಟ್ಟಿದರೆ ಮೊದಲ ಡಬ್ಬಿ ಕಂಪ್ಲಿಗೆ. ಅದು ಬೆಲ್ಲವನ್ನೋ ಅಕ್ಕಿಯನ್ನೋ ತುಂಬಿಕೊಂಡೇ ವಾಪಸು ಬರುತ್ತಿತ್ತು. "ಅವನ್ನ ನೋಡಿ ಕಲೀಲೇ," ಎನ್ನುತ್ತಿದ್ದಳು. ಹೆತ್ತ ಮಗ ನಾನು, ಹೊಗಳಿಕೆ ಅವನಿಗೆ!

ಅವ್ವ ಹೋಗಿ ಎರಡು ವರ್ಷವಾಯಿತು. ಅವಳ ದನಿ ಉಳಿದಿದ್ದು ನಾನು ಫೋನಿನಲ್ಲಿ ತೆಗೆದ ಒಂದೇ ಒಂದು ಚಟ್ನಿ ವಿಡಿಯೋದಲ್ಲಿ. ಹೋದ ತಿಂಗಳು ಹಂಪಿಯಲ್ಲಿ ಹರಗೋಲಿನ ಮೇಲೆ ಎದ್ದು ನಿಂತು ಸೆಲ್ಫಿ ತೆಗೆಯಲು ಹೋಗಿ, ಆ ಫೋನನ್ನು ತುಂಗಭದ್ರೆಗೆ ಅರ್ಪಿಸಿದೆ. ಮೂರು ದಿನ ಅನ್ನ ಸೇರಲಿಲ್ಲ.

ಸುದ್ದಿ ಕೇಳಿ ಷಡ್ಡಕ ಮನೆಗೆ ಕರೆದ. ಹೋದೆ. ಕಂಪ್ಯೂಟರಿನ ಮುಂದೆ ಕೂರಿಸಿ ಆ್ಯಪ್ ತೆರೆದ. ಪರದೆಯ ಮೇಲೆ ಅವ್ವ! ಚಟ್ನಿ ಕುಟ್ಟುತ್ತಾ, "ಉಪ್ಪು ಕಡಿಮಿ ಆತೇನಲೇ?" ಎಂದು ನನ್ನನ್ನೇ ಕೇಳುತ್ತಿದ್ದಳು.

"ಅವ್ವ ಹೇಳಿದ್ಲಂತ ಅವತ್ತ ನೀನ ಕಳ್ಸಿದ್ದಿ, ಮರ್ತೀದಿ. ನಾನು ಇದರಾಗ ಹಾಕಿಟ್ಟೆ," ಎಂದ. "ಯಾವ್ಯಾವ ದೇಶದ ಮಂದಿನೋ ನೋಡಾಕ ಬರ್ತಾರ. ಇಟ್ಕೊಂಡಾವ ನಾನೊಬ್ಬನ. ಆಫ್ ಮಾಡಿದ್ರ ಬಂದವ್ರಿಗೆ ಅವ್ವ ಸಿಗಂಗಿಲ್ಲ. ಹ್ಯಾಂಗ ಮಾಡ್ಲಿ?"

ಎರಡು ವರ್ಷ ನನ್ನವ್ವ ಇವನ ಮನೆಯಲ್ಲಿದ್ದಳು! ಆಗ ಪಟ್ಟಷ್ಟು ಹೊಟ್ಟೆಕಿಚ್ಚು ಜನ್ಮದಲ್ಲಿ ಪಟ್ಟಿಲ್ಲ, ಅತ್ತದ್ದೂ ಅಷ್ಟೇ.

ಈಗ ನಮ್ಮ ಮನೆಯಲ್ಲೂ ಲಿನಕ್ಸ್ ಇದೆ, ಆ ಆ್ಯಪ್ ಇದೆ; ಹಗಲೂ ರಾತ್ರಿ ಆಫ್ ಇಲ್ಲ. ಮೊನ್ನೆ ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಕರೆಂಟ್ ಹೋಯಿತು. ಎಲೆ ಬಿಟ್ಟು ಎದ್ದೆ.

"ಕುಂದ್ರಲೇ, ಉಂಡು ಹೋಗು!" ಎಂದ.

"ಮನಿಯಾಗ ಅವ್ವ ಒಬ್ಬಾಕಿನ ಅದಾಳ ಲೇ," ಎಂದು ಹೊಸಪೇಟೆ ಬಸ್ಸಿಗೆ ಓಡಿದೆ.