ಹನ್ನೊಂದನೇ ನಂಬರಿನ ಅಂಟಿನ ಮುದ್ದೆ

ಬಣ್ಣದ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ! ಇಪ್ಪತ್ತು ವರ್ಷದಿಂದ ಪೇಂಟ್ ಅಂಗಡಿ ನಡೆಸುತ್ತಿರುವವನು ನಾನು. ಕೈಯಲ್ಲಿ ಮಾಡಿದ ಪುಟಾಣಿ ಮಾದರಿಗಳ ಸ್ಪರ್ಧೆಯವರು "ಫಿನಿಶಿಂಗ್ ನೋಡಿ ಅಂಕ ಕೊಡೋಕೆ ನೀವೇ ಬರಬೇಕು" ಎಂದಾಗ, ಕೇಳಿದ್ದು ತಡವಾಯಿತು ಎಂದೇ ನನಗನ್ನಿಸಿತು.

ಹೆಂಡತಿಯೂ ಸ್ಪರ್ಧೆಯಲ್ಲಿದ್ದಳು. ಎಂಟು ತಿಂಗಳಿಂದ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಅಂಟಿಸುತ್ತಿದ್ದಳು. ಮೊದಲ ಬಹುಮಾನ ಬಿಟ್ಟು ಬೇರೆ ಮಾತಿಲ್ಲ.

"ಏನೇ ಮಾಡ್ತಿದ್ದೀಯ?"

"ನೀವು ಜಡ್ಜು. ಕೇಳಬಾರದು."

"ನೋಡು, ಹೆಂಡತಿ ಅಂತ ಅರ್ಧ ಅಂಕಾನೂ ಜಾಸ್ತಿ ಸಿಗಲ್ಲ!"

"ಬೇಡ. ಕಣ್ಣು ಬಿಟ್ಟು ನೋಡಿ, ಸಾಕು."

ಸಭಾಂಗಣದಲ್ಲಿ ಮಾದರಿಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಹಡಗು, ರೈಲು, ಸೇತುವೆಗಳಿಗೆಲ್ಲ ಧಾರಾಳವಾಗಿ ಅಂಕ ದಯಪಾಲಿಸುತ್ತ ಬಂದೆ. ಹನ್ನೊಂದನೆಯದು ಒಂದು ಅಂಗಡಿ. ಶಿವನೇ! ಶಟರ್ ಸೊಟ್ಟ. ಗೋಡೆಯ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿದೆ. ಬೋರ್ಡು ಒಂದು ಕಡೆ ಜೋತುಬಿದ್ದಿದೆ, ಅಕ್ಷರಗಳು ಓದಲಾಗದಷ್ಟು ಮಾಸಿವೆ.

"ಇಪ್ಪತ್ತಕ್ಕೆ ನಾಲ್ಕು!" ಎಂದು ಘೋಷಿಸಿದೆ.

ನನ್ನ ಜೊತೆಗಿದ್ದ ಇನ್ನೊಬ್ಬ ತೀರ್ಪುಗಾರರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ಬೇಕಂತಲೇ ಹಳೇದಾಗಿ ಕಾಣೋ ಹಾಗೆ ಮಾಡಿದ್ದಾರೆ ಸ್ವಾಮಿ. ಅದು ಕಲೆ!"

"ಕಲೆ ಕಾಣ್ತಿದೆಯಲ್ಲ, ಗೋಡೆ ತುಂಬಾ! ಗಲ್ಲಾದ ಹಿಂದೆ ನೋಡಿ, ಅಂಟಿನ ಮುದ್ದೆ ಕೂಡ ಹಾಗೇ ಬಿಟ್ಟಿದ್ದಾರೆ!" ಎಂದವನೇ ನುರಿತ ಉಗುರಿನಿಂದ ಕೆರೆದೆ. ಅದು ಚಟ್ಟನೆ ಕಿತ್ತು ಅಂಗೈಗೆ ಬಂತು.

ಮೇಷ್ಟ್ರು ಭೂತಗನ್ನಡಿ ಹಿಡಿದರು. ಮುದ್ದೆಗೆ ಬೊಕ್ಕತಲೆ ಇತ್ತು. ಹೊಟ್ಟೆ ಇತ್ತು. ಬಾಯಿ ತೆರೆದು ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ತೊಟ್ಟ ಚೌಕಳಿ ಅಂಗಿಯೋ, ಆ ಹೊತ್ತು ನನ್ನ ಮೈಮೇಲೇ ಇತ್ತು!

"ಗುರುತು ಸಿಗ್ತಾ?" ಎಂದರು ಮೇಷ್ಟ್ರು.

ಸಿಗದೆ ಏನು! ಇಪ್ಪತ್ತು ವರ್ಷ ಗಲ್ಲಾದ ಹಿಂದೆ ಕೂತವನು ಎದುರು ರಸ್ತೆಯಲ್ಲಿ ನಿಂತು ನನ್ನ ಅಂಗಡಿಯನ್ನು ನೋಡಿದ್ದಾದರೂ ಯಾವಾಗ?

"ಬಣ್ಣದ ವ್ಯಾಪಾರಿಯನ್ನೇ ಯಾಮಾರಿಸಿದ ಬಣ್ಣ! ಇನ್ನೆಂಥ ಫಿನಿಶಿಂಗ್ ಬೇಕು?" ಎಂದು ಮೇಷ್ಟ್ರು ನನ್ನ ನಾಲ್ಕನ್ನು ಹೊಡೆದು ಇಪ್ಪತ್ತು ಬರೆದರು. ನಾನು ತೆಪ್ಪಗೆ ಸಹಿ ಹಾಕಿದೆ.

ಮೊದಲ ಬಹುಮಾನ ಹಿಡಿದು ಬಂದ ಹೆಂಡತಿಯ ಮುಂದೆ ಅಂಗೈ ಚಾಚಿದೆ. "ತಪ್ಪಾಯ್ತು ಕಣೇ. ಇವನನ್ನ ವಾಪಸ್ ಅಂಟಿಸಿಬಿಡ್ಲಾ?"

ಅವಳು ಅಂಗಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬೇಡ ಬಿಡಿ. ಅವನೊಬ್ಬ ಎದ್ದು ಹೋದ ಮೇಲೇ ಅಂಗಡಿಗೆ ಫಿನಿಶಿಂಗ್ ಬಂದಿರೋದು!"