ದ್ವೀಪದವರನ್ನು ಮನೆಗೆ ಮುಟ್ಟಿಸಿದ್ದು

ಇಂಗ್ಲಿಷ್ ಮಾಸ್ತರನಿಗೆ ನಮ್ಮ ಕಡೆ ಶಾಲೆಯ ಗಂಟೆ ಬಾರಿಸಿದ ಮೇಲೂ ಬಿಡುಗಡೆ ಇಲ್ಲ. ಔಷಧದ ಬಾಟಲಿ, ಬೀಜದ ಚೀಲ, ಮಿಕ್ಸರ್ ಜೊತೆ ಬಂದ ಪುಸ್ತಕ, ಇಂಗ್ಲಿಷ್ ಅಕ್ಷರ ಇರುವುದೆಲ್ಲ ನನ್ನ ಮುಂದೆಯೇ ಬರುತ್ತದೆ. ಓದಿ ಹೇಳಿದರೆ ಒಂದು ಕಪ್ ಚಹಾ, ತಡವರಿಸಿದರೆ "ಇವರೆಂಥಾ ಮಾಸ್ತರ್ರೀ?" ಎಂಬ ಮಾತು. ಕುಷ್ಟಗಿಯಲ್ಲಿ ಬಾಡಿಗೆಗೆ ಇದ್ದಾಗ ಹೀಗೇ ಒಂದು ಟಿವಿ ಧಾರಾವಾಹಿ ನನ್ನ ಕೊರಳಿಗೆ ಬಿತ್ತು.

೧. ನೇಮಕಾತಿ

ನಮ್ಮ ಮನೆ ಮಾಲೀಕನದು ವೆಲ್ಡಿಂಗ್ ಅಂಗಡಿ. ಹೊಸದಾಗಿ ಡಿಶ್ ಹಾಕಿಸಿದ್ದ. ಭಾನುವಾರ ಮಧ್ಯಾಹ್ನ ಅದರಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಹಡಗು ಒಡೆದು ಹನ್ನೊಂದು ಜನ ಯಾರೂ ಇಲ್ಲದ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದಾರೆ. ಯಾರೂ ಇಲ್ಲವೆಂದರೂ ಕಾಡಿನೊಳಗೆ ದಿನಕ್ಕೊಮ್ಮೆ ಗಂಟೆಯ ಸದ್ದು ಕೇಳುತ್ತದೆ. ಬಾರಿಸುವವರು ಯಾರು? ಅದೇ ರಹಸ್ಯ.

ಮಾಲೀಕನ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಜ್ಜಿಗೆ ಟಿವಿ ಎಂದರೆ ಬರೀ ಬೆಳಕು. ಬೇಗ ಆಪರೇಷನ್ ಮಾಡಿಸದಿದ್ದರೆ ಇರುವ ಮಬ್ಬು ದೃಷ್ಟಿಯೂ ಹೋಗುತ್ತದೆ ಎಂದು ಕೊಪ್ಪಳದ ಡಾಕ್ಟರು ಹೇಳಿದ್ದರು. ಅಜ್ಜಿಗೆ ಒಳಗೊಳಗೇ ಭಯ. ಒಮ್ಮೆ ಅಮಾವಾಸ್ಯೆ, ಒಮ್ಮೆ ಶೀತ ಎಂದು ಮುಂದೂಡುತ್ತಲೇ ಇದ್ದರು. ಮನೆಯವರಿಗೆಲ್ಲ ಅದೊಂದೇ ಚಿಂತೆ.

ಅಜ್ಜಿ ಹುಟ್ಟಿದಾಗಿನಿಂದ ಮಠದಲ್ಲಿ ಪುರಾಣ ಕೇಳಿದ ಜೀವ. ಅಲ್ಲಿ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅದೇ ಪದ್ಧತಿಯನ್ನು ಇಲ್ಲಿಗೂ ತಂದರು. "ಟಿವಿ ಓದ್ತೈತಿ, ಮಾಸ್ತರ ಅರ್ಥ ಹೇಳ್ಲಿ."

ನಾನು ಕಲಿತದ್ದು ಪುಸ್ತಕದ ಇಂಗ್ಲಿಷ್. ಆ ಹಡಗಿನವರು ಬಿಸಿ ಮಿರ್ಚಿ ಬಾಯಲ್ಲಿಟ್ಟುಕೊಂಡು ಮಾತಾಡುತ್ತಿದ್ದರು. ಹತ್ತರಲ್ಲಿ ಎರಡು ಮಾತು ಸಿಕ್ಕರೆ ನನ್ನ ಪುಣ್ಯ. ಮೊದಲ ದಿನ ಒಬ್ಬ ಉದ್ದನೆಯ ಮನುಷ್ಯ ಸಮುದ್ರದ ಕಡೆ ಮುಖ ಮಾಡಿ ಐದು ನಿಮಿಷ ಏನೇನೋ ಹೇಳಿದ. "ಊರು ನೆನಪಾಗೈತಂತ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಕಾದರು. ಆಮೇಲೆ ಕೇಳಿದರು. "ಅಂವಾ ಅಷ್ಟೊತ್ತು ಮಾತಾಡಿದ, ನೀ ಎರಡ ಮಾತಿನ್ಯಾಗ ಮುಗಿಸಿದಿ. ಉಳಿದದ್ದೆಲ್ಲಾ ನೀನ ನುಂಗಿದೇನಪಾ?"

೨. ಚಾಚಾನ ತನಿಖೆ

ಪಕ್ಕದ ಮನೆಯ ಟೇಲರ್ ಚಾಚಾ ಕೂಡ ನೋಡಲು ಬರುತ್ತಿದ್ದರು. ಅವರಿಗೆ ಕಥೆ ಬೇಕಿರಲಿಲ್ಲ, ಕಣ್ಣೆಲ್ಲ ಬಟ್ಟೆಯ ಮೇಲೆ. ಎರಡು ತಿಂಗಳು ನೋಡಿ ಒಂದು ಭಾನುವಾರ ಬಾಯಿಬಿಟ್ಟರು.

"ಮಾಸ್ತರ್, ಆ ಹೆಣ್ಣಮಗಳ ಅಂಗಿ ತೋಳು ಹೋದ ವಾರ ಮುಳ್ಳಿಗೆ ಸಿಕ್ಕು ಹರದಿತ್ತು ಹೌದಿಲ್ಲೋ? ಇವತ್ತ ನೋಡ್ರಿ, ಬರೋಬ್ಬರಿ ಹೊಲಿಗಿ. ಕೈ ಹೊಲಿಗಿ ಅಲ್ಲ, ಮಶೀನಿಂದು!"

ಎಲ್ಲರೂ ಬಗ್ಗಿ ನೋಡಿದೆವು. ಹೌದು, ತೋಳು ಸರಿಯಾಗಿಯೇ ಇತ್ತು.

"ಅಂದ್ರ ಆ ಕಾಡಿನ್ಯಾಗ ಒಬ್ಬ ಟೇಲರ್ ಅದಾನ" ಎಂದರು ಚಾಚಾ, ತೀರ್ಪು ಓದುವ ಧಾಟಿಯಲ್ಲಿ. "ಗಂಟಿ ಬಾರಸಾವ ಅವನ. ಬಟ್ಟಿ ಹೊಲದ ಇಟ್ಟಾನ, ಗಿರಾಕಿ ಒಬ್ರೂ ಒಯ್ಯಾಕ ಬರವಲ್ರು."

೩. ಕರೆಂಟು

ಒಂದು ವಾರ ಭಾರೀ ಘಟ್ಟ. ಉದ್ದನೆಯವ ಗಂಟೆಯ ಸದ್ದು ಹಿಡಿದು ಕಾಡಿನೊಳಗೆ ಹೊರಟಿದ್ದ. ಗಿಡಗಳ ಹಿಂದೆ ಯಾರೋ ಸರಿದಂತಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ನನಗಂತೂ ಜೀವ ಬಂದಂತಾಗಿ ಎದ್ದು ಚಪ್ಪಲಿ ಹುಡುಕತೊಡಗಿದೆ.

"ಎಲ್ಲಿಗಿ ಹೊಂಟಿ?" ಎಂದರು ಅಜ್ಜಿ.

"ಕರೆಂಟ್ ಹೋತಲ್ಲಬೇ."

"ಕರೆಂಟ್ ಹೋಗಿದ್ದು ಕುಷ್ಟಗ್ಯಾಗ. ಅವರ ದ್ವೀಪದಾಗ ಹೋಗಿಲ್ಲಲ್ಲ? ಅಲ್ಲೇನ ನಡದೈತಿ ಹೇಳು."

ಮಾಲೀಕ ನಗು ತಡೆಯಲು ಹೊರಗೆ ಹೋದ. ನಾನು ಕುಳಿತೆ. ಗಿಡದ ಹಿಂದೆ ಒಬ್ಬ ಮುದುಕಿಯನ್ನು ಕೂರಿಸಿದೆ. ಆಕೆ ಉದ್ದನೆಯವನಿಗೆ ಕುಡಿಯಲು ನೀರು ಕೊಟ್ಟಳು, ಕಳೆದುಹೋದ ತನ್ನ ಮಗ ಕೇಳಿಸಿಕೊಳ್ಳಲಿ ಎಂದು ದಿನಾ ಗಂಟೆ ಬಾರಿಸುತ್ತೇನೆ ಎಂದಳು. ನನಗೇ ಗೊತ್ತಿಲ್ಲದೆ ಅರ್ಧ ಗಂಟೆ ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸುಳ್ಳು ಹೇಳಿ ಅಷ್ಟು ಸುಖಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮುಂದಿನ ಭಾನುವಾರ ಕರೆಂಟು ಒಂದು ಕ್ಷಣವೂ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಅಜ್ಜಿ ಬೇಸರದಿಂದ ಸೊಸೆಗೆ ಹೇಳಿದರು. "ಯಾಕೋ ಇವತ್ತ ಕರೆಂಟ್ ಹೋಗ್ಲೇ ಇಲ್ಲ ನೋಡು, ಕತಿ ಕೆಟ್ಟಹೋತು."

೪. ಮಂಗಲ

ಕೊಪ್ಪಳದಲ್ಲಿ ಬಲಗಣ್ಣಿನ ಆಪರೇಷನ್‌ಗೆ ದಿನ ಗೊತ್ತಾಯಿತು. ಸೋಮವಾರ ಹೊರಡಬೇಕು. ಅಜ್ಜಿ ಈ ಸಲ ಹೊಸ ಕಾರಣ ಹುಡುಕಿದ್ದರು.

"ಪುರಾಣ ಹಚ್ಚಿದ ಮ್ಯಾಲ ಅದು ಮುಗದು ಮಂಗಲ ಆಗೂತನಕ ಕೇಳಾವ್ರು ಊರು ಬಿಡಬಾರದು. ಆ ಹನ್ನೊಂದು ಮಂದಿ ಮನಿ ಮುಟ್ಟಲಿ, ಆಮ್ಯಾಲ ನನ್ನ ಕಣ್ಣು."

ಮಾಲೀಕ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. "ಮಾಸ್ತರ್ರ, ಈ ಭಾನುವಾರ ಅವರನ್ನ ಹೆಂಗರ ಮಾಡಿ ಮನಿಗಿ ಮುಟ್ಟಸ್ರಿ. ಇಲ್ಲಾಂದ್ರ ನಮ್ಮವ್ವ ಕುರುಡಿ ಆಗ್ತಾಳ್ರಿ." ಆಗಲಿ ಎಂದೆ.

ಭಾನುವಾರ ಟಿವಿಯಲ್ಲಿ ಹಡಗಿನ ಸುಳಿವೇ ಇಲ್ಲ. ಹನ್ನೊಂದು ಜನರೂ ಒಬ್ಬರಿಗೊಬ್ಬರು ಬಯ್ದಾಡುತ್ತಾ ಗುಂಡಿ ತೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು "ದೂರದಾಗ ಒಂದು ಹಡಗ ಕಾಣಾಕತ್ತೈತಿ!" ಎಂದೆ.

"ಹಂಗಾರ ಯಾಕ ಬಡಕೊಳ್ಳಾಕತ್ತಾರ?" ಎಂದರು ಅಜ್ಜಿ.

"ಖುಷಿಗಿಬೇ" ಎಂದಳು ಸೊಸೆ.

ಅಷ್ಟರಲ್ಲಿ ಟಿವಿಯಲ್ಲಿ ಯಾರೋ ಬಂದೂಕು ಹಾರಿಸಿದರು. ಚಾಚಾ ತಟ್ಟನೆ ಕೈಜೋಡಿಸಿದರು. "ವಾಹ್, ಪಟಾಕಿ! ಹಡಗಿನ್ಯಾಗಿನವ್ರು ಪಟಾಕಿ ತಂದಾರ!"

ಒಬ್ಬೊಬ್ಬರನ್ನೇ ಹಡಗು ಹತ್ತಿಸಿದೆ. ಗಂಟೆಯ ಮುದುಕಿಗೆ ಮಗನನ್ನೂ ಹುಡುಕಿ ಕೊಟ್ಟೆ. ಟಿವಿಯಲ್ಲಿ ಉದ್ದನೆಯವ ಗುಂಡು ತಗುಲಿ ಮಣ್ಣಲ್ಲಿ ಒದ್ದಾಡುತ್ತಿದ್ದಾಗ, ನನ್ನ ಕಥೆಯಲ್ಲಿ ಅವನು ಮನೆಯ ಹೊಸ್ತಿಲು ದಾಟಿ ಹೆಂಡತಿ ಮಾಡಿದ ಬಿಸಿ ರೊಟ್ಟಿ ಉಣ್ಣುತ್ತಿದ್ದ. ಮಾಲೀಕ ಟಿವಿ ಆರಿಸಿದ. ಸೊಸೆ ಆರತಿ ಎತ್ತಿದಳು, ಕಾಯಿ ಒಡೆದರು, ಎಲ್ಲರಿಗೂ ಸಕ್ಕರೆ ಹಂಚಿದರು. ಸೋಮವಾರ ಅಜ್ಜಿ ತಕರಾರಿಲ್ಲದೆ ಕೊಪ್ಪಳದ ಬಸ್ಸು ಹತ್ತಿದರು.

ಆಪರೇಷನ್ ಚೆನ್ನಾಗಿ ಆಯಿತು. ಒಂದೂವರೆ ತಿಂಗಳು ಅಜ್ಜಿ ಟಿವಿಯ ಹತ್ತಿರ ಸುಳಿಯದಂತೆ ನೋಡಿಕೊಂಡೆವು. ಡಾಕ್ಟರು ಕನ್ನಡಕ ಕೊಟ್ಟ ವಾರವೇ, ಭಾನುವಾರ ಮಧ್ಯಾಹ್ನ, ಅಜ್ಜಿ ತಾವಾಗಿಯೇ ಬಂದು ಟಿವಿ ಮುಂದೆ ಕುಳಿತರು. ನಾವು ಕಾಲ್ತೆಗೆಯುವಷ್ಟರಲ್ಲಿ ಧಾರಾವಾಹಿ ಶುರುವಾಗಿತ್ತು. ಅದೇ ದ್ವೀಪ, ಅದೇ ಕಾಡು. ಕೈಗೆ ಪಟ್ಟಿ ಕಟ್ಟಿಕೊಂಡ ಅದೇ ಉದ್ದನೆಯ ಮನುಷ್ಯ. ಡಣ್ ಎಂದು ಗಂಟೆಯೂ ಕೇಳಿಸಿತು.

ಮಾಲೀಕ ಗೋಡೆ ನೋಡುತ್ತಿದ್ದ. ಚಾಚಾ ಗಡ್ಡ ಕೆರೆದುಕೊಂಡರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇವರು ಆವತ್ತಿನ ಮಂದೀನ ಏನು?" ಎಂದರು ಅಜ್ಜಿ.

"ಇಲ್ಲಬೇ, ಇವರು ಬ್ಯಾರೆ ಮಂದಿ" ಎಂದಳು ಸೊಸೆ. "ಇದು ಬ್ಯಾರೆ ಹಡಗ."

ಅಜ್ಜಿ ಹೊಸ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ಟಿವಿಯನ್ನು ನೋಡಿದರು, ಆಮೇಲೆ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಅಂಜಬ್ಯಾಡ ಮಾಸ್ತರ. ಎಡಗಣ್ಣಿನ ಆಪರೇಷನ್ ಇನ್ನೂ ಬಾಕಿ ಐತಿ. ಅದರ ಹಿಂದಿನ ದಿವಸ ಇವರನ್ನೂ ಮನಿಗಿ ಮುಟ್ಟಿಸಿಬಿಡು."