ಹುಸೇನಪ್ಪನ ಅಮೂಲ್ಯ ಬೆರಳುಗಳು

ನಲವತ್ತು ದಾಟಿದ ಮೇಲೆ ಹುಸೇನಪ್ಪ ಕಾಲೇಜು ಸೇರಿದ್ದು ವಿದ್ಯೆಯ ಹಸಿವಿನಿಂದ ಎಂದು ದೇವದುರ್ಗದ ಅವನ ಅಣ್ಣತಮ್ಮಂದಿರು ನಂಬಿದ್ದಾರೆ. ಮಾನ್ವಿಯ ಅತ್ತೆ ಮನೆಯವರು ನಂಬಿಲ್ಲ. (ಅಳಿಯನನ್ನು ಅವರು ಹತ್ತಿರದಿಂದ ಬಲ್ಲರು.) ಮದುವೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಹಿಡಿದು ನಿಲ್ಲುತ್ತಿದ್ದ ಮಹಾಶಯ, ಇನ್ನು ಶಾಸ್ತ್ರೋಕ್ತವಾಗಿಯೇ ಕಲಿಯುವುದೆಂದು ರಾಯಚೂರಿನ ಕಾಲೇಜೊಂದರಲ್ಲಿ ಸಂಗೀತ ಪದವಿಗೆ ಸೇರಿದ. ಅಲ್ಲಿಯವರೆಗೆ ಹೈಸ್ಕೂಲು ಟೀಚರಾದ ಹೆಂಡತಿ ರೇಣುಕಮ್ಮನ ಸಂಬಳದಲ್ಲಿ ಮನೆಯೂ, ಅವನ ಕೈಯಲ್ಲಿ ಅಡುಗೆಮನೆಯೂ ಸುಸೂತ್ರವಾಗಿ ನಡೆದಿದ್ದವು. ಕಾಲೇಜು ಶುರುವಾದ ವಾರವೇ ಅಡುಗೆಮನೆ ನಿಂತಿತು.

"ಬಾಂಡೆ ತಿಕ್ಕರಿ," ಎಂದು ರೇಣುಕಮ್ಮ ಮುಸುರೆ ಪಾತ್ರೆಗಳನ್ನು ತೋರಿಸಿದಳು.

"ಉಗುರು ಮುರೀತಾವ."

"ಉಳ್ಳಾಗಡ್ಡಿನಾದ್ರೂ ಹೆಚ್ಚರಿ."

"ಬೆರಳು ಕೊಯ್ಕೊಂಡ್ರ ತಂತಿ ಹೆಂಗ ಒತ್ತಲಿ? ಕಾಲೇಜಿನ್ಯಾಗ ಶಾಕಿರ್ ಸರ್ ಯಾವ ಕೆಲಸಾನೂ ಮಾಡಬ್ಯಾಡ ಅಂದಾರ."

"ಗಿಟಾರಂತೂ ಗ್ವಾಡಿಗೇ ತೂಗಾಡಾಕತ್ತದ. ಯಾವಾಗ ಬಾರಿಸ್ತೀರಿ?"

"ಮನಸಿನ್ಯಾಗ ಬಾರಿಸಾಕತ್ತೀನಿ," ಎಂದು ಹುಸೇನಪ್ಪ ಮಂಚದ ಮೇಲೆ ಮಗ್ಗುಲಾಗಿ ಕಣ್ಣು ಮುಚ್ಚಿದ. ಆ ಮಾನಸಿಕ ಸಂಗೀತಕ್ಕೆ ಗೊರಕೆಯ ಶ್ರುತಿಯೂ ಸೇರುತ್ತಿತ್ತು.

ಹೀಗೆ ಸುಖವಾಗಿದ್ದಾಗ ಕಾಲೇಜಿನವರು ಪಾಲಕರ ಸಭೆ ಕರೆದರು. ಪಾಲಕರು ಬಾರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಉಳಿದ ಹುಡುಗರು ಅಪ್ಪಂದಿರನ್ನು ಕರೆತಂದರು. ಅಪ್ಪ ತೀರಿಕೊಂಡಿದ್ದ ಹುಸೇನಪ್ಪ ಬೇರೆ ದಾರಿಯಿಲ್ಲದೆ ಹೆಂಡತಿಯ ಹಿಂದೆ ತಲೆ ತಗ್ಗಿಸಿ ನಡೆದ.

ಗಿಟಾರ್ ಕಲಿಸುವ ಶಾಕಿರ್ ಸರ್‌ಗೆ ಇನ್ನೂ ಮೂವತ್ತಾಗಿರಲಿಲ್ಲ. "ಬರ್ರಿ ಅಮ್ಮಾರ, ಕೂಡ್ರಿ. ನಿಮ್ ಹುಡುಗಂದು..." ಎಂದವರು ನಾಲಿಗೆ ಕಚ್ಚಿಕೊಂಡರು. "ನಿಮ್ಮ ಯಜಮಾನ್ರದು ಸ್ವಲ್ಪ ಪರೇಶಾನಿ ಅದರೀ."

ಹುಸೇನಪ್ಪನ ಎಡಗೈ ಹಿಡಿದು ತಿರುಗಿಸಿ ತೋರಿಸಿದರು. "ಇಷ್ಟೊತ್ತಿಗೆ ಬೆರಳಿನ ತುದಿ ಜಡ್ಡುಗಟ್ಟಿರಬೇಕಿತ್ತು. ಕೂಸಿನ ಗಲ್ಲ ಇದ್ದಂಗ ಅದಾವ ನೋಡ್ರಿ. ಮಣಿಕಟ್ಟಂತೂ ಕಟ್ಟಿಗಿ ಹಂಗ ಬಿಗದದ. ಮನ್ಯಾಗ ಏನರ ಕೈಕೆಲಸ ಮಾಡ್ತಾರೇನ್ರಿ?"

"ಇಲ್ರೀ ಸರ. ನೀವ ಬ್ಯಾಡ ಅಂದೀರಂತ."

"ನಾ ಯಾವಾಗ ಅಂದೆನ್ರಿ?"

ಇಬ್ಬರೂ ಹುಸೇನಪ್ಪನನ್ನು ನೋಡಿದರು. ಹುಸೇನಪ್ಪ ಮೇಲಿನ ಫ್ಯಾನನ್ನು ನೋಡಿದ. ರೇಣುಕಮ್ಮ ಸಿಟ್ಟಾಗಲಿಲ್ಲ. ಅವನಿಗೆ ನಿಜವಾಗಿ ಭಯವಾದದ್ದು ಆಗ.

"ಸರ, ಮಣಿಕಟ್ಟು ಸಡಿಲಾಗಾಕ ಜ್ವಾಳದ ರೊಟ್ಟಿ ಬಡಿದ್ರ ನಡೀತದೇನ್ರಿ?"

"ಅದಕ್ಕಿಂತ ಛಲೋ ತಾಲೀಮು ಯಾವುದದ ರೀ? ಆದ್ರ ಬೆರಳಿಗೆ ಗಿಟಾರೇ ಬಾರಿಸಬೇಕು. ದಿನಾ ಎರಡು ತಾಸು."

"ರೊಟ್ಟಿ ಆದ ಮ್ಯಾಲ ಬಾರಿಸ್ತಾರ ತಗೋರಿ," ಎಂದಳು ರೇಣುಕಮ್ಮ.

ಅಂದಿನಿಂದ ಸಂಜೆಯಾದರೆ ಸಂಗೀತಾಭ್ಯಾಸ ಒಲೆಯ ಮುಂದೆ ಆರಂಭವಾಗತೊಡಗಿತು. ರೇಣುಕಮ್ಮ ಸ್ಟೂಲಿನ ಮೇಲೆ ಕೂತು ಶಾಲೆಯ ಪೇಪರು ತಿದ್ದುತ್ತ, ತಲೆ ಎತ್ತದೆ, "ಲಯ ತಪ್ಪಾಕತ್ತದ ರೀ," ಎನ್ನುವಳು. ಪರೀಕ್ಷೆಯಲ್ಲಿ ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿಬಿಟ್ಟ. ಇನ್ನು ರೊಟ್ಟಿಯಿಂದ ತಪ್ಪಿಸಿಕೊಳ್ಳಲು ನೆಪವೂ ಉಳಿಯಲಿಲ್ಲ.

ಒಂದು ಸಂಜೆ ಪಕ್ಕದ ಮನೆಯ ಸರ್ವರಿ ಬೇಗಂ ಬಾಗಿಲಿಗೆ ಬಂದರು. "ಟೀಚರ್, ನಿಮ್ಮ ಮನ್ಯಾಗ ಮೊದ್ಲ ಥಪಥಪ ಅಂತದ, ಆಮ್ಯಾಲ ಗಿಟಾರ್ ಕೇಳಸ್ತದ. ಅದು ಯಾವ ಕೋರ್ಸ್ ರೀ?"

"ಸಂಗೀತದ ಡಿಗ್ರಿ ರೀ."

"ನಮ್ಮ ಮನಿಯವ್ರಿಗೂ ಒಂದು ಸೀಟ್ ಸಿಗ್ತದೇನ್ರಿ?"

ಒಳಗೆ ಥಪಥಪ ಸದ್ದು ಥಟ್ಟನೆ ನಿಂತಿತು.

"ನಾಳೆ ಕೇಳ್ಕೊಂಡು ಬರ್ತೀನಿ," ಎಂದ ರೇಣುಕಮ್ಮ ಅಡುಗೆಮನೆಯತ್ತ ತಿರುಗಿದಳು. "ರೀ, ನಿಲ್ಲಸಬ್ಯಾಡ್ರಿ. ಇನ್ನೂ ಹಿಟ್ಟದ."